ಟೀಚರ್ ಕಾದ ಬಸ್ಸು

ಭಾನುವಾರ, ಹದಿನಾರನೆಯ ತಾರೀಖು
ಬಟ್ಟೆಕೋಣೆಯಿಂದ, ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದಿನ ಮರಿಗೆ ಅಮ್ಮನ ಸಾವಿರ ಆಶೀರ್ವಾದಗಳು.

ನಿನ್ನ ಮೂರು ಕಾಗದಗಳೂ ಕೈ ಸೇರಿವೆ. ಎರಡು ತಿಂಗಳಿಂದ ಒಂದಕ್ಕೂ ಉತ್ತರ ಬರೆಯದೆ ಕೂತ ಈ ಅಪರಾಧಿಯನ್ನು ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಗಂಟಲು ನಿನಗೆ ಗೊತ್ತಿಲ್ಲವೇ? ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಎದುರುಮನೆಯವರು ಕಿಟಕಿ ತೆರೆದು, "ಆಮೇಲೇನಾಯ್ತು?" ಎಂದು ಕೇಳುತ್ತಾರೆ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕು ಎಂದು ನಿನ್ನ ತಾತ ತಮ್ಮ ನಾಟಕದ ಕಂಪನಿಯಲ್ಲಿ ಪಳಗಿಸಿದ ಗಂಟಲು ಇದು. ಈಗ ಹೇಳಬೇಕಾದದ್ದು ಕೊನೆಯ ಸಾಲಿಗೆ ಕೇಳಿಸುವ ಮಾತಲ್ಲ. ಅದಕ್ಕೇ ಪೆನ್ನು ಹಿಡಿದೆ.

ಮೊದಲು ಇಲ್ಲಿಯ ಸುದ್ದಿ. ನಿನ್ನ ಅಮ್ಮ ಈಗ ಆರೈಕೆಮನೆಯ ನೆಲಮಾಳಿಗೆಯ ಮಹಾರಾಣಿ. ಮೂರು ಒಗೆಯುವ ಯಂತ್ರಗಳು ನನ್ನ ಮಂತ್ರಿಗಳು. ಅದರಲ್ಲಿ ಒಂದಕ್ಕೆ ಬಿಕ್ಕಳಿಕೆ. ದಿನಕ್ಕೆ ನೂರಿಪ್ಪತ್ತು ಚಾದರ ಮಡಚುತ್ತೇನೆ. ಒಂದು ವರ್ಷ ಯಾವ ಹಾಸಿಗೆಯ ಬಳಿಗೂ ಹೋಗುವಂತಿಲ್ಲ, ಯಾವ ರೋಗಿಯ ಮೈಯನ್ನೂ ಮುಟ್ಟುವಂತಿಲ್ಲ ಎಂಬ ಆದೇಶ ಹಾಗೆಯೇ ಇದೆ. ಹೋದ ವಾರ ನಿನ್ನ ಮಾವ ಬಂದಿದ್ದ. "ಅಲ್ಲ ಕಣೇ ಅಕ್ಕ, ನಲವತ್ತಾರನೇ ವಯಸ್ಸಲ್ಲಿ ನರ್ಸ್ ಆಗ್ತೀನಿ ಅಂತ ಹೊರಟೆ, ಬಟ್ಟೆ ಒಗೆಯೋಕೆ ಬಂದು ನಿಂತೆ. ಹೋಗ್ಲಿ ಬಿಡು, ಮಗಳಾದ್ರೂ ದೊಡ್ಡ ಕಾಲೇಜು ಸೇರಿದ್ಲಲ್ಲ" ಎಂದ. "ನಿನ್ನ ಷರ್ಟಿನ ಕಾಲರ್ ನೋಡ್ಕೋ. ಬಿಚ್ಚಿ ಕೊಡು, ಒಗೆದುಕೊಡ್ತೀನಿ" ಎಂದೆ. ನಕ್ಕು ಹೋದ. ಅವನು ಹೋದಮೇಲೆ ಒಂದೇ ಚಾದರವನ್ನು ನಾಲ್ಕು ಸಲ ಮಡಚಿದೆ.

ಮರಿ, ನಾವಿಬ್ಬರೂ ಸಹಾಯಕ ನರ್ಸ್ ತರಬೇತಿಗೆ ಸೇರಿದ ಮೊದಲ ದಿನ ನೆನಪಿದೆಯೇ? ಅಮ್ಮ ಮಗಳು ಒಂದೇ ಬೆಂಚಿನಲ್ಲಿ ಕೂತದ್ದಕ್ಕೆ ಇಡೀ ತರಗತಿ ಕಿಸಿಕಿಸಿ ನಕ್ಕಿತ್ತು. ನಾನು ಬಾಯಿಬಿಟ್ಟು ಓದಿದರೆ ಪಕ್ಕದ ತರಗತಿಯವರಿಗೂ ಪಾಠವಾಗುತ್ತಿತ್ತು. ಪ್ಲಾಸ್ಟಿಕ್ ಬೊಂಬೆಯ ಮಗ್ಗುಲು ಬದಲಿಸು ಎಂದಾಗ ನಾನು, "ಏಳಿ ಮಹಾಪ್ರಭು, ಪೂರ್ವದಿಕ್ಕಿನ ಪ್ರಜೆಗಳು ತಮ್ಮ ದರ್ಶನಕ್ಕೆ ಕಾದಿದ್ದಾರೆ" ಎಂದು ಗರ್ಜಿಸಿದೆ. ಪಾಠ ಹೇಳುವ ಸಿಸ್ಟರ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ರಾತ್ರಿಪಾಠದ ಕಷ್ಟದ ಪದಗಳನ್ನು ನೀನು ನನಗೆ ಬಿಡಿಸಿ ಬರೆದುಕೊಡುತ್ತಿದ್ದೆ, ಭಾರದ ಮೈಯನ್ನು ಸೊಂಟ ನೋಯಿಸಿಕೊಳ್ಳದೆ ತಿರುಗಿಸುವುದನ್ನು ನಾನು ನಿನಗೆ ಕಲಿಸುತ್ತಿದ್ದೆ. ನಮ್ಮಿಬ್ಬರ ಹೆಸರಿಗೂ ಒಂದೇ ಮೊದಲಕ್ಷರ, ಸಹಿಯೂ ಆ ಅಕ್ಷರವೇ. "ಹಾಳೆ ಮೇಲೆ ಅಮ್ಮ ಯಾರು ಮಗಳು ಯಾರು ಅಂತ ನನಗೆ ಗೊತ್ತಾಗ್ಬೇಕಲ್ರೀ! ಅಮ್ಮ, ನೀವು ಅಕ್ಷರದ ಕೆಳಗೆ ಒಂದು ಚುಕ್ಕೆ ಇಡಿ" ಎಂದರು ಸಿಸ್ಟರ್. ಅಂದಿನಿಂದ ಚುಕ್ಕೆ ನನ್ನದಾಯಿತು.

ಕೆಲಸಕ್ಕೆ ಸೇರಿದ ಮೇಲೂ ಅದೇ ಚುಕ್ಕೆ. ಏಳನೇ ಹಾಸಿಗೆಯ ಲೆಕ್ಕದ ಟೀಚರ್‌ಗೆ ಕುತ್ತಿಗೆಯಿಂದ ಕೆಳಗೆ ಅಲುಗಾಟವಿಲ್ಲ, ನೋವೂ ತಿಳಿಯುವುದಿಲ್ಲ. ಎರಡು ಗಂಟೆಗೊಮ್ಮೆ ಎಡಕ್ಕೆ, ಅಂಗಾತ, ಬಲಕ್ಕೆ. ಪ್ರತಿಸಲವೂ ಮಂಚದ ಕಾಲ ಬಳಿ ತೂಗುವ ಹಾಳೆಯಲ್ಲಿ ಸಹಿ. ಎಡಕ್ಕೆ ಕಿಟಕಿ, ಅಂಗಾತವಾದರೆ ಫ್ಯಾನು, ಬಲಕ್ಕೆ ಬಾಗಿಲು; "ಇವೇ ಕಣಮ್ಮ ನನ್ನ ಮೂರು ಊರು. ನೀನೇ ಬಸ್ಸು" ಎನ್ನುತ್ತಿದ್ದರು. "ಟಿಕೇಟ್ ಟಿಕೇಟ್" ಎಂದು ನಾನು ಕೂಗಿದರೆ ಇಡೀ ವಾರ್ಡು ಎಚ್ಚರವಾಗುತ್ತಿತ್ತು.

ಆ ನಾಲ್ಕು ದಿನಕ್ಕೆ ಬರುತ್ತೇನೆ. ನಿನಗೆ ದೊಡ್ಡ ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆ. ಪಟ್ಟಿಯಲ್ಲಿ ನನಗೆ ಹಾಸಿಗೆಗಳ ಡ್ಯೂಟಿ, ನಿನಗೆ ಸ್ನಾನದ ಕೋಣೆ. "ಅಮ್ಮ, ಅಲ್ಲಿ ಕೈ ಒಣಗೋದೇ ಇಲ್ಲ, ಪುಸ್ತಕ ಹೇಗೆ ಹಿಡೀಲಿ? ಬುಧವಾರದಿಂದ ಶನಿವಾರದವರೆಗೆ ಬದಲಾಯಿಸ್ಕೊಳ್ಳೋಣ. ಯಾರಿಗೂ ಹೇಳೋದು ಬೇಡ" ಎಂದೆ ನೀನು. ನಾನು ಒಪ್ಪಿದೆ. ಪಟ್ಟಿಯಲ್ಲಿ ನನ್ನ ಹೆಸರಿದ್ದದ್ದರಿಂದ ಚುಕ್ಕೆ ಇಟ್ಟೇ ಸಹಿ ಮಾಡು ಎಂದವಳೂ ನಾನೇ. ಇದನ್ನು ಬರೆದು ಒಪ್ಪಿಕೊಳ್ಳುತ್ತೇನೆ. ಚುಕ್ಕೆಯನ್ನು ನಾನೇ ನಿನ್ನ ಕೈಗಿಟ್ಟೆ.

ಭಾನುವಾರ ಬೆಳಿಗ್ಗೆ ನಾನು ಹಾಸಿಗೆಗಳಿಗೆ ಮರಳಿದೆ. "ಟಿಕೇಟ್" ಎಂದೆ. ಟೀಚರ್ ನಗಲಿಲ್ಲ. "ಎಲ್ಲಿಗೆ ಹೋಗಿದ್ಯಮ್ಮ? ಹಗಲೆಲ್ಲಾ ಕಿಟಕಿ ಊರಲ್ಲೇ ಬಿದ್ದಿದ್ದೆ. ರಾತ್ರಿಯವರು ಕತ್ತಲಲ್ಲೇ ತಿರುಗಿಸೋರು, ಬೆಳಗಾದ್ರೆ ಮತ್ತೆ ಕಿಟಕಿ. ನಾಲ್ಕು ದಿನ ಕಾದೆ, ಬಸ್ ಬರಲಿಲ್ಲ" ಎಂದರು. "ಹುಡುಗೀನ ಕರೀಬಾರದಿತ್ತಾ?" ಎಂದೆ. "ಓದ್ತಾ ಇತ್ತು ಪಾಪ. ಓದೋ ಮಕ್ಕಳನ್ನ ಎಬ್ಬಿಸಿದವಳಲ್ಲ ನಾನು."

ಹಾಳೆಯಲ್ಲಿ ಮಾತ್ರ ನಾಲ್ಕು ದಿನವೂ ಎರಡು ಗಂಟೆಗೊಮ್ಮೆ ಚುಕ್ಕೆ ಇತ್ತು. ಅವರ ಮಗ್ಗುಲು ಬದಲಿಸಿದೆ. ಎಡ ಸೊಂಟದ ಮೂಳೆಯ ಮೇಲೆ ಕೆಂಪು. ಬೆರಳಿಂದ ಒತ್ತಿದೆ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಭಯವಿಲ್ಲ ಎಂದು ಕಲಿತಿದ್ದೆವಲ್ಲ, ಅದು ಬಿಳಿಚಲಿಲ್ಲ. ನಡುವೆ ಹೆಬ್ಬೆರಳಷ್ಟು ಅಗಲ ಚರ್ಮವೇ ಇರಲಿಲ್ಲ. ಹಾಸಿಗೆ ಹುಣ್ಣು ಮೇಲಿಂದ ಶುರುವಾಗುವುದಿಲ್ಲ, ಒಳಗೆ ಮೂಳೆಯ ಹತ್ತಿರ ಹುಟ್ಟಿ ಕಡೆಗೆ ಕಣ್ಣಿಗೆ ಬೀಳುತ್ತದೆ ಎಂದು ನೀನೇ ನನಗೆ ಓದಿ ಹೇಳಿದ್ದೆ.

ಆ ಸಂಜೆ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. "ಸೇವಾಪತ್ರದಲ್ಲಿ ಒಂದು ಕಪ್ಪುಚುಕ್ಕೆ ಬಂದ್ರೂ ನನ್ನ ಸೀಟು ಹೋಗುತ್ತಮ್ಮ. ಏನಾದ್ರೂ ಮಾಡು" ಎಂದೆ. ನಿನ್ನ ತಲೆ ಸವರಿ, "ಹುಚ್ಚಿ, ನಾನಿಲ್ವಾ? ಎಲ್ಲಾ ನಂದೇ ಅಂತೀನಿ" ಎಂದೆ. ಟೀಚರ್ ನಿಜ ಹೇಳಲು ಹೊರಟಾಗ ನಾನೇ ಕೈಮುಗಿದು ಅವರ ಬಾಯಿ ಕಟ್ಟಿದೆ. ಸೋಮವಾರ ಮೇಟ್ರನ್ ಕೋಣೆಗೆ ಹೋದೆ. ಶಿಕ್ಷೆ ಹೊತ್ತು ಬಂದೆ. ನಿನ್ನ ಸೇವಾಪತ್ರ ಹಾಲಿನಂತೆ ಬೆಳ್ಳಗೆ ಉಳಿಯಿತು.

ಹೊರಡುವ ದಿನ ನೀನು ಎಲ್ಲರಿಗೂ ಹೇಳಿ ಹೋದೆ, ಕಾವಲುಗಾರನಿಗೂ ಸಿಹಿ ಕೊಟ್ಟೆ. ಏಳನೇ ಹಾಸಿಗೆಗೆ ಮಾತ್ರ ಹೋಗಲಿಲ್ಲ. "ಓದೋ ಹುಡುಗಿ ಪಾಸಾಯ್ತಾ?" ಎಂದು ಟೀಚರ್ ಕೇಳುತ್ತಲೇ ಇರುತ್ತಾರೆ. ಚಾದರ ಕೊಡುವ ನೆಪದಲ್ಲಿ ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ. ಅವರು ಬಾಗಿಲ ಊರಿನಲ್ಲಿದ್ದರೆ ಇಬ್ಬರೂ ಮಾತಾಡುತ್ತೇವೆ. ಹುಣ್ಣು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಹೆಬ್ಬೆರಳಷ್ಟಿದ್ದದ್ದು ಉಗುರಷ್ಟಾಗಿದೆಯಂತೆ.

"ಅಮ್ಮ, ನೀನು ಮಾಡಿದ ತ್ಯಾಗವನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ" ಎಂದು ಮೂರು ಕಾಗದದಲ್ಲೂ ಬರೆದಿದ್ದೀಯ. ತಾತನ ನಾಟಕಗಳಲ್ಲಿ ಆ ಪದ ಬಂದಾಗ ಚಪ್ಪಾಳೆ ಬೀಳುತ್ತಿತ್ತು. ನಾನು ಅದನ್ನು ಓದಿದಾಗಲೆಲ್ಲ ಕಾಗದ ಮಡಚಿ ಸೋಪಿನ ಡಬ್ಬದ ಕೆಳಗೆ ಇಟ್ಟಿದ್ದೇನೆ. ಉತ್ತರ ತಡವಾದದ್ದು ಅದಕ್ಕೆ.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಒಳ್ಳೆಯ ಗುಣ ಬರಲಿ, ನೀನು ಮುಟ್ಟಿದವರು ಎದ್ದು ಓಡಾಡಲಿ. ಈ ಆಶೀರ್ವಾದದಲ್ಲಿ ಸುಳ್ಳಿಲ್ಲ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಆ ಸೋಮವಾರ ನಾನು ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯ ಮುಂದೆ ನಿಂತು ಮಾತು ಉರುಹೊಡೆದು ಹೋಗಿದ್ದೆ. "ತಪ್ಪು ನನ್ನದು, ಮೇಡಂ. ಮಗುವಿಗೆ ಏನೂ ಗೊತ್ತಿಲ್ಲ." ಬಾಯಿ ತೆರೆಯುವ ಮೊದಲೇ ಮೇಟ್ರನ್ ಒಂದು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. ನನಗೆ ಕಷ್ಟದ ಪದ ಬಿಡಿಸಿಕೊಟ್ಟ ಅದೇ ದುಂಡು ಅಕ್ಷರ. 'ಏಳನೇ ಹಾಸಿಗೆಯ ರೋಗಿಗೆ ಹುಣ್ಣಾಗಿದೆ. ನನ್ನ ತಾಯಿಯವರು ವಯಸ್ಸಿನ ಕಾರಣ ಸರಿಯಾಗಿ ಮಗ್ಗುಲು ಬದಲಿಸುತ್ತಿಲ್ಲ. ನನ್ನ ಹೆಸರು ಹೊರಗೆ ಬರದಿರಲಿ.' ಕೆಳಗೆ ತಾರೀಖು: ಶನಿವಾರ.

ನೀನು ನನ್ನ ತೊಡೆಯ ಮೇಲೆ ಅತ್ತದ್ದು ಭಾನುವಾರ.

ಹುಟ್ಟಿದಾಗಿನಿಂದ ಎಂದೂ ಮಾತು ಮರೆಯದ ನಾನು ಅಂದು ಮರೆತೆ. ಆ ಮೌನವನ್ನೇ ಅವರು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಆದ್ದರಿಂದ 'ತ್ಯಾಗ'ವನ್ನು ನಿನಗೇ ಹಿಂತಿರುಗಿಸುತ್ತಿದ್ದೇನೆ. ನಾನು ಕೊಡಲು ಕೈ ಚಾಚುವ ಮೊದಲೇ ನೀನು ತೆಗೆದುಕೊಂಡಾಗಿತ್ತು.

ಅದನ್ನೂ ನುಂಗಿಕೊಂಡೇನು, ತಾಯಲ್ಲವೇ? ನುಂಗಲಾಗದ್ದು ಇನ್ನೊಂದು. ಶನಿವಾರವೇ ನೀನು ಆ ಹುಣ್ಣನ್ನು ನೋಡಿದ್ದೆ. ನಾಲ್ಕು ದಿನವೂ ಬಸ್ ಬರಲಿಲ್ಲ ಎಂದರಲ್ಲ ಟೀಚರ್, ಆ ಶನಿವಾರವೂ ಹಗಲೆಲ್ಲ ಅದೇ ಮಗ್ಗುಲಲ್ಲಿದ್ದರು. ಆ ಕಾಗದ ಬರೆಯಲು ನಿನಗೆ ಹತ್ತು ನಿಮಿಷವಾದರೂ ಹಿಡಿದಿರಬೇಕು, ಮರಿ. ಮಗ್ಗುಲು ಬದಲಿಸಲು ಎರಡು ನಿಮಿಷ ಸಾಕಿತ್ತು.