ಗೋಡೆಯೊಳಗಿನ ಹಾಳೆ

ಜುಲೈ 3, ಬೆಳಿಗ್ಗೆ

ಹೊಸ ಲೋಡ್ ಬಂದಿದೆ. ಮೀಟರ್‌ನ ಮುಳ್ಳು ಮರಕ್ಕೆ ಚುಚ್ಚುವುದು, ತೇವ ಎಷ್ಟೆಂದು ನೋಡುವುದು, ಸೀಮೆಸುಣ್ಣದಲ್ಲಿ ಬರೆಯುವುದು. ಹದಿನೇಳು. ಹದಿನೆಂಟು. ಇಪ್ಪತ್ತಾರು — ವಾಪಸ್. ಈ ಹವೆಯಲ್ಲಿ ಒಗೆದ ಟವೆಲ್ಲೇ ಮೂರು ದಿನ ಒಣಗುವುದಿಲ್ಲ, ಇನ್ನು ಮರ. ನಲವತ್ತು ತೊಲೆಗಳಲ್ಲಿ ಒಂಬತ್ತು ವಾಪಸ್. ಲಾರಿಯವನ ಮುಖ ದಪ್ಪಗಾಯಿತು. ಅಣ್ಣ ಅವನಿಗೆ ಟೀ ಕುಡಿಸಿ ಕಳಿಸಿದ. ಬೈಯುವುದು ನನ್ನ ಇಲಾಖೆ, ಸಮಾಧಾನ ಅಣ್ಣನದು. ಮರದ ಮನೆಗಳ ನಕ್ಷೆ ನಾನು ಬರೆಯುತ್ತೇನೆ, ಬಡಗಿಗಳನ್ನು ಕಟ್ಟಿಕೊಂಡು ಅವನು ಎಬ್ಬಿಸುತ್ತಾನೆ. ಹದಿನಾಲ್ಕು ವರ್ಷದಿಂದ ಹೀಗೇ.

ಟೀಚರ್ ಫೋನ್ ಮಾಡಿದ್ದರು. ನಮ್ಮ ಮೊಟ್ಟಮೊದಲ ಮನೆ ಅವರದು. ಮಲಗುವ ಕೋಣೆಯಲ್ಲಿ ಏನೋ ವಾಸನೆಯಂತೆ. "ಇಲಿ ಸತ್ತಿದ್ಯೇನೋ ಅಂತ ಹುಡುಕಿ ಹುಡುಕಿ ಸಾಕಾಯ್ತು ಮೇಡಂ." ನಾಳೆ ಹೋಗಬೇಕು.

ಜುಲೈ 4, ಸಂಜೆ

ಇಲಿಯಲ್ಲ.

ಕೋಣೆಗೆ ಕಾಲಿಟ್ಟಾಗಲೇ ಗೊತ್ತಾಯಿತು. ಒದ್ದೆ ಕಾಲುಚೀಲದ ವಾಸನೆ. ಮಂಚ ಸರಿಸಿ, ಗೋಡೆಯ ಬುಡದ ಪಟ್ಟಿ ಕಿತ್ತು, ಅಡಿತೊಲೆಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಇಳಿಯಿತು. ಆ ತೊಲೆಯ ಮೇಲೆ ಇಡೀ ಗೋಡೆ. ಗೋಡೆಯ ಮೇಲೆ ಟೀಚರ್ ಮಗಳ ಕೋಣೆ.

ಬೋರ್ಡ್ ಬಿಚ್ಚಿದೆ. ಹಿಂದೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಆಚೆ ಮಗ್ಗುಲಲ್ಲಿ ನೀರಿನ ಹನಿ — ಐಸ್ ಹಾಕಿದ ಲೋಟದ ಮೈ ಬೆವರುತ್ತದಲ್ಲ, ಹಾಗೆ. ಒಳಗೆ ಏಸಿಯ ತಂಪು, ಹೊರಗಿಂದ ಹಸಿ ಬಿಸಿ ಗಾಳಿ, ನಡುವೆ ಈ ಹಾಳೆ. ನೀರು ಆರಲು ದಾರಿಯಿಲ್ಲದೆ ಬುಡಕ್ಕೆ ಇಳಿದಿದೆ. ವರ್ಷಗಟ್ಟಲೆ.

"ಪೈಪ್ ಏನಾದ್ರೂ ಒಡೆದಿದ್ಯಾ?" ಟೀಚರ್ ಕೇಳಿದರು.

"ಇಲ್ಲ ಟೀಚರ್. ನೋಡಿ ಹೇಳ್ತೀನಿ. ಅಲ್ಲೀವರೆಗೂ ಮೇಲೆ ಯಾರೂ ಮಲಗೋದು ಬೇಡ."

ನೋಡಿ ಹೇಳುವುದೇನಿದೆ... ಹಾಳೆ ಹೊಡೆಸಿದವಳೇ ನಾನು.

ಜುಲೈ 5

ಅಣ್ಣನಿಗೆ ಹೇಳಿದೆ. ಆ ಮನೆ ಕಟ್ಟುವಾಗ ಅವನಂದಿದ್ದು ಇಬ್ಬರಿಗೂ ನೆನಪಿದೆ. "ಗೋಡೆಗೆ ರೈನ್‌ಕೋಟ್ ತೊಡಿಸಿದ್ರೆ ಅದರ ಬೆವರು ಎಲ್ಲಿಗೆ ಹೋಗಬೇಕು ಹೇಳು?" ಚಳಿದೇಶದಲ್ಲಿ ಕಲಿತು ಬಂದ ಹೊಸ ಬಿಸಿ ನನಗೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೊಡೆಯಬೇಕು ಎಂದು ಪುಸ್ತಕದಲ್ಲಿತ್ತು. ಆಳುಗಳೆಲ್ಲ ನೋಡುತ್ತಿರುವಾಗ, "ಓದಿರೋಳು ನಾನು, ನೀನು ಮೊಳೆ ಹೊಡಿ" ಅಂದಿದ್ದೆ. ಹೊಡೆದ. ಅವತ್ತಿನಿಂದ ನನ್ನನ್ನು "ಇಂಜಿನಿಯರಮ್ಮ" ಅನ್ನುತ್ತಾನೆ.

ಇವತ್ತು ಆ ಹಳೆಯ ಮಾತು ತೆಗೆಯಲಿಲ್ಲ. ಎತ್ತಿ ಆಡಿದ್ದರೆ ಹಗುರಾಗುತ್ತಿತ್ತು. ನಾಲ್ಕು ಜಾಕಿ ಹೊತ್ತುಕೊಂಡು ಹೋಗಿ ಮಧ್ಯಾಹ್ನದೊಳಗೆ ಮೇಲಿನ ಕೋಣೆಗೆ ಆಸರೆ ಕೊಟ್ಟ.

ಬರುವಾಗ ಕೇಳಿದೆ: "ಉಳಿದ ಮನೆಗಳು?"

"ಕೇಳ್ದಾಗ ನೋಡ್ಕೊಳ್ಳೋಣ. ಕೇಳದವರ ತಲೆಗೆ ಯಾಕೆ ಹುಳ ಬಿಡ್ತೀಯ?"

ಜುಲೈ 13

ಎಂಟು ದಿನ ಏನೂ ಬರೆಯಲಿಲ್ಲ. ಕೆಲಸವಿತ್ತು ಅನ್ನಬಹುದು. ಇರಲಿಲ್ಲ.

ಹಾಳೆ ಹೊಡೆದದ್ದು ಮೊದಲ ನಾಲ್ಕು ಮನೆಗಳಿಗೆ: ಟೀಚರದು, ಡೆಂಟಿಸ್ಟ್‌ದು, ಪ್ರಿಂಟಿಂಗ್ ಪ್ರೆಸ್‌ನವರದು, ಅಣ್ಣನದು. ಐದನೆಯದರಿಂದ ನಾನೇ ನಿಲ್ಲಿಸಿದೆ. ನಮ್ಮಂಥ ಹವೆಗೆ ಅದು ಕೂಡದು ಎಂದು ಅಷ್ಟರಲ್ಲಿ ಓದಿದ್ದೆ. ನಿಲ್ಲಿಸುವಾಗ ಹಿಂದಿನ ನಾಲ್ಕು ಮನೆಗಳ ಯೋಚನೆ ಬರಲಿಲ್ಲ.

ಸುಳ್ಳು. ಬಂದಿತ್ತು. ಯಾರಿಂದಲೂ ದೂರು ಬರಲಿಲ್ಲ, ಸುಮ್ಮನಾದೆ. ಇದನ್ನು ಇಲ್ಲಿಯಾದರೂ ಬರೆಯಬೇಕಲ್ಲ.

ಮೊದಲು ಅಣ್ಣನ ಮನೆ ಬಿಚ್ಚಿ ನೋಡೋಣ ಅಂದೆ. ನಮ್ಮವರದೇ ತಾನೆ. ಅತ್ತಿಗೆಯ ಹೊಲಿಗೆ ಕೋಣೆಗೆ ಏಸಿ ಇದೆ, ದಿನವಿಡೀ ಓಡುತ್ತದೆ. ಅಲ್ಲಿಯ ಗತಿ ನೋಡಿದರೆ ಉಳಿದದ್ದೂ ತಿಳಿಯುತ್ತದೆ. ಅಣ್ಣ ಒಪ್ಪಲಿಲ್ಲ. ಈಗ ಬೇಡ, ಆಮೇಲೆ ನೋಡೋಣ, ಅವಳಿಗೆ ಆರ್ಡರ್ ಜಾಸ್ತಿ... ಮಾತು ಹಾರಿಸುತ್ತಾನೆ. ಹೆದರಿದ್ದಾನೆ ಪಾಪ.

ಜುಲೈ 15, ಮಧ್ಯಾಹ್ನ 3

ಅಣ್ಣ ಸೈಟಿನಲ್ಲಿದ್ದಾಗ ಅವನ ಮನೆಗೆ ಹೋದೆ. ಅತ್ತಿಗೆ ಬಟ್ಟೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಟಾರ್ಚ್ ಹಿಡಿದರು. "ಬಿಚ್ಚೋದು ಸರಿ, ಮುಚ್ಚೋಕೂ ನೀನೇ ಬರಬೇಕು. ನಿಮ್ಮಣ್ಣ ಊರಿಗೆಲ್ಲ ಮನೆ ಕಟ್ಟಿದ್ರೂ ನಮ್ಮನೆ ಕಿಟಕಿ ಚಿಲಕ ಹಾಕಿಲ್ಲ ಇನ್ನೂ."

ಬೋರ್ಡ್ ಬಿಚ್ಚಿದೆ. ಮರ ಒಣಗಿ ಖಣಖಣ. ಮೀಟರ್ ಚುಚ್ಚಿದೆ: ಹದಿನಾಲ್ಕು.

ಹಾಳೆ ಇಲ್ಲ.

ಹರಿದು ತೆಗೆದದ್ದಲ್ಲ. ಹೊಡೆದೇ ಇಲ್ಲ. ಒಂದು ಪಿನ್ನಿನ ಗುರುತೂ ಇಲ್ಲ.

"ಯಾಕೆ, ಹಾಳಾಗಿದ್ಯಾ?" ಅಂದರು ಅತ್ತಿಗೆ. "ಇಲ್ಲ ಅತ್ತಿಗೆ, ಚೆನ್ನಾಗಿದೆ" ಅಂದೆ. ಬೋರ್ಡ್ ವಾಪಸ್ ಹಾಕಿ ಬಂದೆ.

ಜುಲೈ 16

ಶೆಡ್ಡಿನಲ್ಲಿ, ಆಳುಗಳು ಊಟಕ್ಕೆ ಹೋದ ಮೇಲೆ ಕೇಳಿದೆ.

"ನಿನ್ನ ಮನೆಗೆ ಹಾಳೆ ಹಾಕಿಲ್ಲ."

ಉಳಿ ಮಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ನನ್ನ ಮನೆ. ನನಗೆ ಸರಿ ಕಂಡಿದ್ದು ಮಾಡ್ದೆ."

"ಬೇರೆಯವರ ಮನೆ?"

"ನೀನು ಹೇಳಿದ್ದು ಮಾಡ್ದೆ. ಒಂದ್ಸಲ ಹೇಳ್ದೆ, ಎರಡು ಸಲ ಹೇಳ್ದೆ. ಅಷ್ಟು ಜನರ ಮುಂದೆ ಮುಖಕ್ಕೆ ಹೊಡೆದ ಹಾಗೆ ಮಾತಾಡ್ದೆ ನೀನು. ಮೂರನೇ ಸಲ ಯಾಕೆ ಹೇಳ್ಲಿ?"

"ಆ ಹುಡುಗಿ ಮೇಲೆ ಮಲಗ್ತಿದ್ದಳು ಅಣ್ಣ. ಇಷ್ಟು ವರ್ಷ."

ಮಸೆಯುವುದು ನಿಂತಿತು. ಎದ್ದು ಚಪ್ಪಲಿ ಮೆಟ್ಟಿ ಹೋದ. ಉಳಿಯನ್ನು ಒರೆಸಿಡದೆ ಹೋದದ್ದು ಇದೇ ಮೊದಲು.

ಗೊತ್ತಿಲ್ಲದೆ ಮಾಡಿದವಳು ನಾನು, ಗೊತ್ತಿದ್ದೂ ಮಾಡಿದವನು ಅವನು — ಹೀಗೆಂದುಕೊಂಡು ಸಂಜೆಯವರೆಗೆ ಸ್ವಲ್ಪ ನೆಮ್ಮದಿಯಾಗಿದ್ದೆ. ಆಮೇಲೆ ಐದನೇ ಮನೆ ನೆನಪಾಯಿತು. ನನಗೂ ಗೊತ್ತಿತ್ತು.

ಜುಲೈ 20

ಅಣ್ಣ ನಾಲ್ಕು ದಿನದಿಂದ ಕೆಲಸಕ್ಕೆ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಮನೆಯಲ್ಲೂ ಸರಿಯಾಗಿ ಇರುವುದಿಲ್ಲವಂತೆ. "ಏನಾಗಿದೆ ನಿಮ್ಮಿಬ್ಬರಿಗೂ?" ಅತ್ತಿಗೆ ಕೇಳಿದರು.

ಟೀಚರಿಗೆ ಹೇಳಿದೆ, ಪೂರ್ತಿ. ಆ ಗೋಡೆಯನ್ನು ಮುಟ್ಟಿ ನೋಡಿದರು. "ಮಕ್ಕಳು ತಪ್ಪು ಮಾಡಿದ್ರೆ ಮತ್ತೆ ಬರೀರಿ ಅಂತೀನಿ. ನಿಮಗೇನನ್ನಲಿ?" ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ.

ಆಮೇಲೆ ಪ್ರೆಸ್‌ನವರ ಮನೆ. ಅವರು ಬೈದರು, ಬಾಗಿಲಲ್ಲೇ ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ. ಬೈದು ಮುಗಿಸಿ, "ಒಳಗೆ ಬನ್ನಿ, ಯಾವ ಗೋಡೆ ತೋರಿಸಿ" ಅಂದರು. ಎರಡು ಕಡೆ ಮೆತ್ತಗಾಗಿದೆ. ಟೀಚರ್ ಮನೆಯಷ್ಟು ಕೆಟ್ಟಿಲ್ಲ. ಮುಂದಿನ ವಾರದಿಂದ ಕೆಲಸ.

ಜುಲೈ 22, ಬೆಳಿಗ್ಗೆ 11

ಡೆಂಟಿಸ್ಟ್ ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಈಗಷ್ಟೇ ಒಳಗೆ ಹೋಗಿ ಬಂದೆ. ಬಾಯಿ ತೆರೆಯುವ ಮೊದಲೇ ಡಾಕ್ಟರ್ ನಕ್ಕರು. "ಗೋಡೆ ವಿಷಯ ತಾನೆ? ಮೊನ್ನೆ ನಿಮ್ಮಣ್ಣ ಬಂದಿದ್ರು. ಚೀಟಿ ಮಾಡಿಸ್ಕೊಂಡು ಎಲ್ಲರ ಜೊತೆ ಲೈನಲ್ಲಿ ಕೂತು, ಸರದಿ ಬಂದಾಗ ಕುರ್ಚಿ ಮೇಲೆ ಮಲಗೇಬಿಟ್ರು. ಬಾಯಿ ತೆಗೀರಿ ಅಂದೆ. ತೆಗೆದವರು ಇಪ್ಪತ್ತು ನಿಮಿಷ ಮುಚ್ಚಲಿಲ್ಲ! ಎಲ್ಲ ಹೇಳಿದ್ರು."

"ಎಲ್ಲ ಅಂದ್ರೆ?"

"ಹಾಳೆ ಬೇಡ ಅಂತ ನೀವು ಎಷ್ಟು ಹೇಳಿದ್ರೂ ಕೇಳದೆ ಅವರೇ ಹಾಕಿಸಿದ್ದಂತೆ. ತಂಗಿದು ಏನೂ ತಪ್ಪಿಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಪಾಪ ಅನ್ನಿಸ್ತು. ನಿಮ್ಮ ಮಾತು ಕೇಳಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ ನೋಡಿ."

ತಲೆ ಆಡಿಸಿದೆ. ಹೌದು, ಆಡಿಸಿದೆ. ನಮಸ್ಕಾರ ಹೇಳಿ ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗ ಮೈ ಹಗುರಾಗಿತ್ತು, ಅದೇ ಅಸಹ್ಯ. ಗೇಟಿನವರೆಗೆ ಹೋಗಿ ವಾಪಸ್ ಬಂದು ಕೂತೆ.

ಅಣ್ಣ ಹೇಳಿದ್ದು ಸುಳ್ಳು. ಅವನ ಪಾಲು ಅವನದು, ಅದನ್ನು ಅವನ ಹತ್ತಿರವೇ ಮಾತಾಡುತ್ತೇನೆ. ನನ್ನ ಪಾಲನ್ನು ಅವನ ತಲೆಗೆ ಕಟ್ಟಿ ಹೋಗಲಾರೆ. ಒಳಗೆ ಒಬ್ಬರಿದ್ದಾರೆ. ಅವರು ಹೊರಬಂದ ತಕ್ಷಣ ಹೋಗಬೇಕು. ಹೇಗೆ ಶುರು ಮಾಡುವುದು... ಡಾಕ್ಟರೇ, ಬೇಡ ಅಂದವನು ನನ್ನಣ್ಣ. ಹಾಕು ಅಂದವಳು

ಬಾಗಿಲು ತೆರೆಯಿತು.