ಕುಂಕುಮ ಒರೆಸಿ ಮತ್ತೆ ಫೋಟೋ ಕಳಿಸಿ ಎಂದವರಿಗೆ

ಸಣ್ಣ ಕೈಗಾರಿಕೆಗಳನ್ನು ಡಿಜಿಟಲ್ ಮಾಡಲೆಂದೇ ನೇಮಕಗೊಂಡಿರುವ ಮಾನ್ಯ ನಿರ್ದೇಶಕರೇ,

ನಿಮ್ಮ ‘ಜಾಣ ಕಾರ್ಖಾನೆ’ ಯೋಜನೆಯ ತನಿಖಾ ವರದಿ ನನ್ನ ಕೈ ಸೇರಿದೆ. ಅದರ ಒಂಬತ್ತನೇ ಪುಟದಲ್ಲಿ ಒಂದು ಸುಳ್ಳಿದೆ. “ಘಟಕದ ಕುಲುಮೆ ನಿರ್ವಾಹಕ ಆಂಜಿನಯ್ಯ ಎಂಬುವವರು ಉದ್ದೇಶಪೂರ್ವಕವಾಗಿ ಯಂತ್ರದ ಅಳತೆಯನ್ನು ತಿದ್ದಿ, ತದನಂತರ ಸಾಕ್ಷ್ಯ ಮರೆಮಾಚುವ ಸಲುವಾಗಿ ವಿದ್ಯುತ್ ಸಂಪರ್ಕ ಕಡಿತಗೊಳಿಸಿರುತ್ತಾರೆ.” ಈ ಒಂದು ವಾಕ್ಯದ ಬಲದ ಮೇಲೆ ನೀವು ಸುತ್ತೋಲೆಯನ್ನೂ ಹೊರಡಿಸಿದ್ದೀರಿ. ಮೂವತ್ತೊಂದು ವರ್ಷ ನಮ್ಮ ಕುಲುಮೆಯ ಮುಂದೆ ನಿಂತು ದುಡಿದ ಮನುಷ್ಯ ಈಗ ನಮ್ಮದಿರಲಿ, ಯೋಜನೆಗೆ ಸೇರಿದ ಯಾವ ಕಾರ್ಖಾನೆಯ ಹೊಸಿಲನ್ನೂ ದಾಟುವಂತಿಲ್ಲ. ಈ ಬಗ್ಗೆ ನಿಮ್ಮ ಕಚೇರಿಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ‘ನಿಮ್ಮ ಅಹವಾಲು ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ನಿಮ್ಮ ಬೀರುವಿನಲ್ಲೇ ಬಚ್ಚಿಡುವುದು ಚೆನ್ನಾಗಿರುವುದಿಲ್ಲ. ಆದ್ದರಿಂದ ಐದನೆಯದನ್ನು ಊರ ಮುಂದೆ ಇಡುತ್ತಿದ್ದೇನೆ.

ನಾನು ಚೂಡಾಮಣಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು, ನಿವೃತ್ತಳಾದ ಮೇಲೆ ನನ್ನ ತಂದೆ ಚಾಮರಾಜಪೇಟೆಯಲ್ಲಿ ಕಟ್ಟಿದ ಸ್ಪ್ರಿಂಗು ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದೇನೆ. ದೊಡ್ಡ ಕಾರ್ಖಾನೆಯೇನಲ್ಲ. ಏಳು ಜನ ಕೆಲಸದವರು, ಒಂದು ಕುಲುಮೆ. ತರಗುಪೇಟೆಗೆ ಹೋಗುವ ಬೇಳೆ ಲಾರಿ ಅಡ್ಡ ನಿಂತರೆ ನಮ್ಮ ಬಾಗಿಲೇ ಕಾಣುವುದಿಲ್ಲ. ಆದರೆ ನಾವು ಮಾಡುವುದು ಲಿಫ್ಟಿನ ಬ್ರೇಕಿಗೆ ಹಾಕುವ ಸ್ಪ್ರಿಂಗು. ಕರೆಂಟು ಹೋದಾಗ ಲಿಫ್ಟು ಕೆಳಗೆ ಜಾರದಂತೆ ಕಚ್ಚಿ ಹಿಡಿಯುವುದು ಅದೇ. ನೀವು ದಿನಾ ಬೆಳಿಗ್ಗೆ ಐದನೇ ಮಹಡಿಯ ಕಚೇರಿಗೆ ಮೆಟ್ಟಿಲು ಹತ್ತಿ ಹೋಗುವವರಲ್ಲವಾದರೆ, ಈ ಪತ್ರದ ಉಳಿದ ಭಾಗವನ್ನು ಸ್ವಲ್ಪ ಗಮನವಿಟ್ಟು ಓದುವುದು ಒಳ್ಳೆಯದು.

ಉಕ್ಕಿನ ತಂತಿಯನ್ನು ಸುರುಳಿ ಸುತ್ತಿದ ಮೇಲೆ ಕುಲುಮೆಯಲ್ಲಿಟ್ಟು ಹದ ಮಾಡಬೇಕು. ಮುನ್ನೂರು ಡಿಗ್ರಿ ಶಾಖ ತಗುಲಿದರೆ ಉಕ್ಕು ನೀಲಿಗೆ ತಿರುಗುತ್ತದೆ. ಶಾಖ ಸಾಲದಿದ್ದರೆ ಒಣಹುಲ್ಲಿನ ಹಳದಿಯಲ್ಲೇ ನಿಲ್ಲುತ್ತದೆ, ಅಂಥ ಸ್ಪ್ರಿಂಗು ಕೆಲವೇ ತಿಂಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ನಾನು ಇದನ್ನು ಪುಸ್ತಕದಿಂದ ಕಲಿತೆ. ಆಂಜಿನಯ್ಯನವರು ಕುಲುಮೆಯಿಂದ ಕಲಿತರು. ಯಾರ ಕಲಿಕೆ ಗಟ್ಟಿ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ನಿಮ್ಮವರು ಬಂದು ಕುಲುಮೆಗೆ ಒಂದು ಪೆಟ್ಟಿಗೆ ಕೂರಿಸಿದರು. ಅದು ಕುಲುಮೆಯ ಶಾಖವನ್ನು ಇಂಟರ್ನೆಟ್ಟಿನ ಮೂಲಕ ನಿಮ್ಮ ಕಚೇರಿಯ ಪರದೆಗೆ ಕಳಿಸುತ್ತದೆ, ಬೇಕಾದರೆ ದೂರದಿಂದಲೇ ಕುಲುಮೆಯ ಅಳತೆಯನ್ನು ತಿದ್ದಲೂಬಹುದು. ನಾನು ಬೇಡವೆನ್ನಲಿಲ್ಲ. ಯಂತ್ರ ಕಂಡರೆ ಹೆದರುವ ಮುದುಕಿ ನಾನಲ್ಲ. ಆದರೆ ಪೆಟ್ಟಿಗೆಯ ಮೇಲಿನ ಲೇಬಲ್ ನೋಡಿ ಗಾಬರಿಯಾಯಿತು. ಪೆಟ್ಟಿಗೆಯ ನಂಬರು, ಲಾಗಿನ್ ಹೆಸರು, ಪಾಸ್‌ವರ್ಡ್, ಎಲ್ಲವೂ ದಪ್ಪಕ್ಷರದಲ್ಲಿ ಅಚ್ಚಾಗಿದ್ದವು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಪಾಸ್‌ವರ್ಡ್ ಬದಲಾಯಿಸ್ಬೇಕಲ್ಲಪ್ಪಾ, ಹೇಗೆ?”

“ಅಯ್ಯೋ ಬೇಡಿ ಮೇಡಂ! ಚೇಂಜ್ ಮಾಡಿದ್ರೆ ನಮ್ ಸ್ಕ್ರೀನಲ್ಲಿ ನಿಮ್ ಯೂನಿಟ್ಟು ರೆಡ್ ಆಗ್ಬಿಡುತ್ತೆ. ಸಾಹೇಬ್ರಿಗೆ ಎಲ್ಲಾ ಗ್ರೀನ್ ಇರ್ಬೇಕು.”

“ಹೀಗೆ ಮೇಲೇ ಬರ್ದಿದ್ರೆ ಗುಟ್ಟು ಎಲ್ಲಿ ಉಳಿಯುತ್ತೆ?”

“ಒಳ್ಳೇದೇ ಅಲ್ವಾ ಮೇಡಂ, ಮರ್ತೋಗಲ್ಲ.”

ಅಂದಹಾಗೆ, ಆ ಸಾಹೇಬರು ನೀವೇ. ನಿಮ್ಮ ಪರದೆ ಹಸಿರಾಗಿರಬೇಕೆಂಬ ಒಂದೇ ಕಾರಣಕ್ಕೆ ಊರಿನ ಕಾರ್ಖಾನೆಗಳೆಲ್ಲ ಬೀಗದ ಕೈಯನ್ನು ಬೀಗಕ್ಕೇ ಕಟ್ಟಿಕೊಂಡು ಕೂತಿವೆ. ಇದಕ್ಕೆ ನೀವು ಸೈಬರ್ ಭದ್ರತೆ ಎಂದು ಹೆಸರಿಟ್ಟು ಪ್ರಮಾಣಪತ್ರ ಹಂಚುತ್ತಿದ್ದೀರಿ. ಅದಿಲ್ಲದಿದ್ದರೆ ಲಿಫ್ಟ್ ಕಂಪನಿಯವರು ನಮ್ಮ ಸ್ಪ್ರಿಂಗು ಮುಟ್ಟುವುದಿಲ್ಲ.

ಕಳೆದ ವರ್ಷದ ಆಯುಧಪೂಜೆಯ ದಿನ ನಿಮ್ಮ ಕಚೇರಿಯಿಂದ ಸಂದೇಶ ಬಂತು. ಪೆಟ್ಟಿಗೆ ಅಳವಡಿಸಿದ ಯಂತ್ರದ ಫೋಟೋವನ್ನು, ನಿರ್ವಾಹಕರ ಸಮೇತ, ಅದೇ ಸಂಜೆ ಐದರೊಳಗೆ ಕಳಿಸಬೇಕಂತೆ. ನಮಗೆ ಅದಕ್ಕಿಂತ ಒಳ್ಳೆಯ ದಿನ ಯಾವುದು? ವರ್ಷದಲ್ಲಿ ಅವತ್ತೊಂದು ದಿನ ನಮ್ಮ ಕುಲುಮೆ ಮದುಮಗನ ಹಾಗೆ ಇರುತ್ತದೆ. ಆಂಜಿನಯ್ಯನವರು ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ನಿಮ್ಮ ಪೆಟ್ಟಿಗೆಯನ್ನೂ ಬಿಡದೆ ಅರಿಶಿನ ಕುಂಕುಮ ಇಟ್ಟಿದ್ದರು. ಪೆಟ್ಟಿಗೆಯ ನಡುಮಧ್ಯೆ, ಅಂದರೆ ಲೇಬಲ್ಲಿನ ಮೇಲೆ, ಹೆಬ್ಬೆರಳಗಲದ ಕುಂಕುಮ. ಬೂದುಗುಂಬಳಕಾಯಿ ಹಿಡಿದು ಪಕ್ಕದಲ್ಲಿ ನಿಂತ ಅವರ ಫೋಟೋ ತೆಗೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ತಿರಸ್ಕಾರವಾಯಿತು: “ಲೇಬಲ್ ಅಸ್ಪಷ್ಟ. ಕೆಂಪು ಕಲೆ ನಿವಾರಿಸಿ ಮರುಸಲ್ಲಿಸಿ.”

“ಒರೆಸ್ಬೇಡಿ ಅಮ್ಮಾ,” ಎಂದರು ಆಂಜಿನಯ್ಯನವರು. “ಪೂಜೆ ಆದ್ಮೇಲೆ ನಾಳೆವರ್ಗೂ ಮಿಷನ್ ಮುಟ್ಟೋ ಹಾಗಿಲ್ಲ. ನಿಮ್ ತಂದೇನೂ ಮುಟ್ತಿರ್ಲಿಲ್ಲ.”

“ಐದು ಗಂಟೆಗೆ ಗಡುವು ಆಂಜಿನಯ್ಯ, ಕಳಿಸ್ದೇ ಇದ್ರೆ ಸರ್ಟಿಫಿಕೇಟ್ ಹೋಗುತ್ತೆ,” ಎಂದು ನಾನು ಸೆರಗಿನ ತುದಿ ಒದ್ದೆ ಮಾಡಿಕೊಂಡು ಕುಂಕುಮ ಒರೆಸಿದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಎರಡನೇ ಫೋಟೋದಲ್ಲಿ ನೋಡಿ, ನಗು ಇಲ್ಲ. ಅದು ನಿಮಗೆ ಎಷ್ಟು ಇಷ್ಟವಾಯಿತೆಂದರೆ, ‘ಯಶೋಗಾಥೆ’ ಎಂಬ ತಲೆಬರಹ ಕೊಟ್ಟು ನಿಮ್ಮ ಜಾಲತಾಣದ ಮೊದಲ ಪುಟದಲ್ಲೇ ದೊಡ್ಡದಾಗಿ ಹಾಕಿಕೊಂಡಿರಿ. ಆಂಜಿನಯ್ಯನವರ ಮಗಳು ವಿಶಾಖಾ ಅದನ್ನು ನೆಂಟರಿಷ್ಟರಿಗೆಲ್ಲ ಕಳಿಸಿ ಸಂಭ್ರಮಿಸಿದಳು. ನಾನೂ ಕಳಿಸಿದೆ. ಫೋಟೋದಲ್ಲಿ ಪಾಸ್‌ವರ್ಡೂ ಇದೆ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ನನ್ನದು ತಪ್ಪು, ಒಪ್ಪುತ್ತೇನೆ. ಸೈಬರ್ ಭದ್ರತೆಯ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುವ ನಿಮ್ಮ ಕಚೇರಿಯಲ್ಲೂ ಒಬ್ಬರಿಗೂ ಹೊಳೆಯಲಿಲ್ಲವೇ?

ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ಮೊದಲ ಟ್ರೇ ಹೊರಗೆ ಎಳೆದವರೇ ಆಂಜಿನಯ್ಯನವರು ನನ್ನನ್ನು ಕೂಗಿದರು.

“ಅಮ್ಮಾ, ಬನ್ನಿ ಇಲ್ಲಿ. ಮುನ್ನೂರು ಅಂತ ತೋರಿಸ್ತಿದೆ. ಇದು ಮುನ್ನೂರಲ್ಲ.”

“ಸ್ಕ್ರೀನ್ ಸರಿಯಾಗೇ ಇದೆಯಲ್ಲ ಆಂಜಿನಯ್ಯ?”

“ಸ್ಕ್ರೀನ್ ಏನಾದ್ರೂ ಹೇಳ್ಕೊಳ್ಲಿ. ಹಳದಿ ಕಾಣ್ತಿಲ್ವಾ ನಿಮ್ಗೆ?”

ನನಗೆ ನಿಜವಾಗಿಯೂ ಕಾಣಲಿಲ್ಲ. ನಾನು ಪರದೆಯನ್ನೇ ನೋಡುತ್ತಿದ್ದೆ. ಅವರು ನನ್ನ ಅಪ್ಪಣೆಗೆ ಕಾಯದೆ ಮೇನ್ ಸ್ವಿಚ್ಚು ಎಳೆದುಬಿಟ್ಟರು. ತಂದೆಯ ಕಾಲದ ಮುಳ್ಳಿನ ಮಾಪಕ ಹುಡುಕಿ ತಂದು ಕುಲುಮೆಗೆ ಇಟ್ಟು ಮತ್ತೆ ಸ್ವಿಚ್ಚು ಹಾಕಿದೆವು. ಪರದೆ ಮುನ್ನೂರು ಎಂದಾಗ ಮುಳ್ಳು ತೋರಿಸಿದ್ದು ಇನ್ನೂರ ಮೂವತ್ತು. ಯಾರೋ ಪೆಟ್ಟಿಗೆಯೊಳಗೆ ನುಗ್ಗಿ, ಇರುವ ಶಾಖಕ್ಕೆ ಎಪ್ಪತ್ತು ಡಿಗ್ರಿ ಕೂಡಿಸಿ ತೋರಿಸುವಂತೆ ಮಾಡಿಟ್ಟಿದ್ದರು. ಯಾರು, ಯಾಕೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಆಂಜಿನಯ್ಯನವರ ಕಣ್ಣು ಇಲ್ಲದಿದ್ದರೆ ಆ ಸ್ಪ್ರಿಂಗುಗಳು ಯಾವುದೋ ಆಸ್ಪತ್ರೆಯ, ಯಾವುದೋ ಶಾಲೆಯ ಲಿಫ್ಟಿಗೆ ಹೋಗುತ್ತಿದ್ದವು.

ಆ ಮಧ್ಯಾಹ್ನವೇ ನಿಮ್ಮ ಕಚೇರಿಗೆ ನಾನೇ ತಿಳಿಸಿದೆ. ಶಹಬ್ಬಾಸ್ ಎನ್ನುತ್ತೀರಿ ಎಂದುಕೊಂಡಿದ್ದೆ, ಎಂಥ ದಡ್ಡಿ! ನಿಮ್ಮ ತನಿಖಾಧಿಕಾರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು, ಕುಲುಮೆಯ ಕಡೆ ತಿರುಗಿಯೂ ನೋಡಲಿಲ್ಲ.

“ಭಾನುವಾರ ಮಧ್ಯಾಹ್ನ ಎರಡು ಹನ್ನೊಂದಕ್ಕೆ ‘ಆಪರೇಟರ್’ ಲಾಗಿನ್ನಿಂದ ಚೇಂಜ್ ಆಗಿದೆ. ನಿಮ್ಮಲ್ಲಿ ಆಪರೇಟರ್ ಯಾರು ಮೇಡಂ?”

“ಆಂಜಿನಯ್ಯನವರು.”

“ಮತ್ತೆ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಪೆಟ್ಟಿಗೆಗೆ ಇರುವುದೇ ಒಂದು ಲಾಗಿನ್, ಅದರ ಹೆಸರೇ ‘ಆಪರೇಟರ್’. ನೀವು ಹೊಕ್ಕರೂ ಆಪರೇಟರ್, ಕಳ್ಳ ಹೊಕ್ಕರೂ ಆಪರೇಟರ್. ಭಾನುವಾರ ಎರಡು ಹನ್ನೊಂದಕ್ಕೆ ಆಂಜಿನಯ್ಯನವರು ಹನುಮಂತನಗರದ ಛತ್ರದಲ್ಲಿ ಮಗಳು ವಿಶಾಖಾಳ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ನನ್ನ ಎಲೆಗೆ ಬೇಡವೆಂದರೂ ಎರಡನೇ ಹೋಳಿಗೆ ಹಾಕಿದ್ದು ಅವರೇ. ಹಾಗೆಂದೆ. “ಫೋನಿಂದ ಮಾಡಿರ್ಬೋದಲ್ಲ ಮೇಡಂ,” ಎಂದರು ನಿಮ್ಮ ಅಧಿಕಾರಿ. ಆಂಜಿನಯ್ಯನವರು ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅದು ಗುಂಡಿ ಒತ್ತುವ ಫೋನು, ಇಂಟರ್ನೆಟ್ಟೇ ಇಲ್ಲ. ಈ ವಿಷಯ ನಿಮ್ಮ ವರದಿಯ ಹನ್ನೆರಡು ಪುಟಗಳಲ್ಲಿ ಎಲ್ಲೂ ಇಲ್ಲ. ಹೋಳಿಗೆಯೂ ಇಲ್ಲ. ಅವರು ಸ್ವಿಚ್ಚು ಎಳೆದದ್ದು ಮಾತ್ರ ಇದೆ, ಏಕೆಂದರೆ ನಿಮ್ಮ ಪೆಟ್ಟಿಗೆಗೆ ಕಂಡದ್ದು ಅಷ್ಟೇ.

ಪಾಸ್‌ವರ್ಡ್ ಹೊರಗೆ ಹೋದದ್ದು ಹೇಗೆಂದು ಪತ್ತೆ ಮಾಡಿದವಳು ವಿಶಾಖಾ. ಅವಳು ಆಸ್ಪತ್ರೆಯಲ್ಲಿ ನರ್ಸು, ಪೊಲೀಸಲ್ಲ. ಅಪ್ಪನ ಮೇಲೆ ಬಂದ ಅಪವಾದಕ್ಕೆ ಅತ್ತು ಅತ್ತು, ಒಂದು ದಿನ ಆ ಯಶೋಗಾಥೆಯ ಫೋಟೋವನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿದಳು. ಒಂದೊಂದು ಅಕ್ಷರವೂ ಓದಲು ಬರುತ್ತಿತ್ತು. ಎರಡು ತಿಂಗಳು ಅದು ಲೋಕಕ್ಕೆಲ್ಲ ಕಾಣುವಂತೆ ನಿಮ್ಮ ಮೊದಲ ಪುಟದಲ್ಲಿತ್ತು. ನಾನು ನಿಮಗೆ ಬರೆದ ಎರಡೇ ದಿನಕ್ಕೆ ಫೋಟೋ ಮಾಯವಾಯಿತು. ಒಂಬತ್ತನೇ ಪುಟ ಮಾತ್ರ ಹಾಗೇ ಉಳಿಯಿತು. ಅಂದರೆ ನಡೆದದ್ದು ನಿಮಗೆ ಚೆನ್ನಾಗಿ ಗೊತ್ತಿದೆ. ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸುವುದನ್ನು ಕೇಳಿದ್ದೆ, ಆ ಮೇಕೆಗೆ ಸುತ್ತೋಲೆ ಹೊರಡಿಸಿದ್ದನ್ನು ಈಗಲೇ ನೋಡಿದ್ದು. ಚಿಂತೆ ಬೇಡ, ಫೋಟೋ ಇದ್ದ ನಿಮ್ಮ ಆ ಮೊದಲ ಪುಟದ ಪ್ರತಿ ನನ್ನಲ್ಲಿದೆ, ತಾರೀಖಿನ ಸಮೇತ.

ಈಗ ನಮ್ಮ ಕಾರ್ಖಾನೆ ಹೇಗೆ ನಡೆಯುತ್ತಿದೆ ಎಂದು ಹೇಳುತ್ತೇನೆ, ಬೇಕಾದರೆ ಇದಕ್ಕೂ ನೋಟಿಸು ಕೊಡಿ. ಆಂಜಿನಯ್ಯನವರು ದಿನಾ ಒಂಬತ್ತಕ್ಕೆ ಬರುತ್ತಾರೆ. ಒಳಗೆ ಕಾಲಿಡುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಲ್ಲುತ್ತಾರೆ. ಪ್ರತಿ ಟ್ರೇಯಿಂದ ಒಂದು ಸ್ಪ್ರಿಂಗನ್ನು ನಾನು ಇಕ್ಕಳದಲ್ಲಿ ಹಿಡಿದು ರಸ್ತೆ ದಾಟಿ ಒಯ್ಯುತ್ತೇನೆ. ಅವರು ಬಿಸಿಲಿಗೆ ಹಿಡಿದು ನೋಡಿ “ಆಯ್ತಮ್ಮಾ” ಎಂದ ಮೇಲೆಯೇ ಆ ಟ್ರೇ ಪ್ಯಾಕಾಗುವುದು. ನಿಮ್ಮ ಸುತ್ತೋಲೆಯಲ್ಲಿ ಫುಟ್‌ಪಾತಿನ ಪ್ರಸ್ತಾಪವಿಲ್ಲ. ಹೋಗಿ ಬರುವವರು ನೋಡುತ್ತಾರೆ. ಕೆಲವರು “ಏನೋ ಕೇಸಂತೆ” ಎಂದು ಪಿಸುಗುಡುತ್ತಾರೆ. ಗಂಡಿನ ಮನೆಯವರೂ ಹಾಗೇ ಕೇಳಿದರಂತೆ. ಆಂಜಿನಯ್ಯನವರು ಇದನ್ನು ನನ್ನ ಹತ್ತಿರ ಹೇಳಿಲ್ಲ, ವಿಶಾಖಾ ಹೇಳಿದಳು. ನನಗೆ ನಾಚಿಕೆಯಾಗುತ್ತದೆ, ಸ್ವಾಮಿ. ನಿಮಗೆ?

ಮೊನ್ನೆ ಆ ಫುಟ್‌ಪಾತಿನಲ್ಲೇ ಆಂಜಿನಯ್ಯನವರ ಕ್ಷಮೆ ಕೇಳಿದೆ, ಅವತ್ತು ಅವರು ಬೇಡವೆಂದರೂ ಕುಂಕುಮ ಒರೆಸಿದವಳು ನಾನೇ ಎಂದು. “ನೀವ್ ಒರೆಸಿದ್ದು ಬಿಡಿ ಅಮ್ಮಾ,” ಎಂದರು. “ಒರೆಸಿ ಅಂದೋರು ಯಾರು, ಅದ್ ಬರೀರಿ.” ಅದಕ್ಕೇ ಬರೆದಿದ್ದೇನೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಒಂಬತ್ತನೇ ಪುಟದ ಆ ವಾಕ್ಯ ಹೊಡೆದುಹಾಕಿ, ಸುತ್ತೋಲೆ ಹಿಂದಕ್ಕೆ ಪಡೆಯಿರಿ. ಅವರ ಫೋಟೋ ಹಾಕಿದ್ದ ಅದೇ ಮೊದಲ ಪುಟದಲ್ಲಿ, ಅಷ್ಟೇ ದೊಡ್ಡದಾಗಿ, ತಪ್ಪು ನಮ್ಮ ಕಚೇರಿಯದು, ಅದನ್ನು ಹಿಡಿದವರು ಆಂಜಿನಯ್ಯ ಎಂದು ಅಚ್ಚು ಮಾಡಿ. ಅವರವರ ಪಾಸ್‌ವರ್ಡ್ ಅವರವರು ಬದಲಾಯಿಸಿಕೊಳ್ಳಲಿ, ನಿಮ್ಮ ಪರದೆ ಒಂದು ದಿನ ಕೆಂಪಾದರೆ ಯಾರೂ ಸಾಯುವುದಿಲ್ಲ. ಇದೆಲ್ಲ ಈ ಬಾರಿಯ ಆಯುಧಪೂಜೆಯೊಳಗೆ ಆಗಬೇಕು. ಗಡುವು ಅವತ್ತು ಸಂಜೆ ಐದು ಗಂಟೆ. ಅಷ್ಟರಲ್ಲಿ ಆಗದಿದ್ದರೆ ನಿಮ್ಮ ಪೆಟ್ಟಿಗೆಯನ್ನು ಕಿತ್ತು ನಿಮ್ಮ ಕಚೇರಿಯ ಬಾಗಿಲಲ್ಲಿ ಇಟ್ಟು ಬರುತ್ತೇನೆ. ಏನೇ ಆಗಲಿ, ಅವತ್ತು ಹೊಸಿಲು ದಾಟಿ ಒಳಗೆ ಬಂದು ಕುಲುಮೆಗೆ ಕುಂಕುಮ ಇಡುವವರು ಆಂಜಿನಯ್ಯನವರೇ. ಈ ಸಲ ಅದನ್ನು ಯಾರೂ ಒರೆಸುವುದಿಲ್ಲ.

ಇಂತಿ,
ನಿಮ್ಮ ಗಡುವಿಗೆ ಹೆದರಿ ಕುಂಕುಮ ಒರೆಸಿದ,
ನಿಮ್ಮ ಪರದೆಯ ಮೇಲೆ ಈ ಹೊತ್ತಿಗೂ ಹಸಿರಾಗಿಯೇ ಇರುವ ಕಾರ್ಖಾನೆಯ ಒಡತಿ
ಚೂಡಾಮಣಿ
ಚಾಮರಾಜಪೇಟೆ