ಬರಿಗಣ್ಣಿಗೆ ಕಂಡದ್ದು

ಮಾರ್ಚ್ 3, ಸೋಮವಾರ

ಇವತ್ತು ಹನ್ನೆರಡು ಸ್ಯಾಂಪಲ್. ಹನ್ನೊಂದು ಸಲೀಸು. ಹನ್ನೆರಡನೆಯದು ತಲೆನೋವು — ಕಡುನೀಲಿ ಹ್ಯಾಂಡ್‌ಬ್ಯಾಗ್. ತರಿಸಿದವರು ಬಟ್ಟೆ ಎಂದಿದ್ದಾರೆ. ಮೇಲೆ ತೆಳುವಾಗಿ ಪ್ಲಾಸ್ಟಿಕ್ ಲೇಪ ಇದೆಯೆಂದೂ ಕಾಗದದಲ್ಲಿದೆ. ಕಸ್ಟಮ್ಸ್ ನಿಯಮ ಇಷ್ಟೇ: ಲೇಪ ಬರಿಗಣ್ಣಿಗೆ ಕಂಡರೆ ಪ್ಲಾಸ್ಟಿಕ್, ಕಾಣದಿದ್ದರೆ ಬಟ್ಟೆ. ಭೂತಗನ್ನಡಿ ಹಿಡಿಯುವಂತಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆಯಿತು. ಪ್ಲಾಸ್ಟಿಕ್ ಎಂದು ಬರೆದೆ. ಸುಂಕ ಹೆಚ್ಚು.

ಇಪ್ಪತ್ತಾರು ವರ್ಷದಿಂದ ಈ ಕಣ್ಣೇ ನನ್ನ ಅನ್ನ.

ಮನೆಗೆ ಬಂದು ಟಿವಿ ಹಾಕಿದೆ. ನೋಡಲಿಕ್ಕಲ್ಲ, ಮನೆಯಲ್ಲೊಂದು ದನಿ ಇರಲಿ ಎಂದು.

ಮಾರ್ಚ್ 5, ಬುಧವಾರ

ನೀಲಿ ಬ್ಯಾಗಿನ ಹೆಂಗಸು ಬಂದಿದ್ದರು. ಸಣ್ಣ ಅಂಗಡಿ ಅವರದು. ನಾನೂರು ಬ್ಯಾಗು ಗೋದಾಮಿನಲ್ಲಿ ನಿಂತಿವೆ.

"ಬಟ್ಟೆ ಮೇಡಂ ಇದು. ಮುಟ್ಟಿ ನೋಡಿ."

"ಮುಟ್ಟೋದಲ್ಲಮ್ಮ, ಕಾಣೋದು ಲೆಕ್ಕ."

"ಎಲ್ಲಿ ಕಾಣ್ತಿದೆ? ನನಗೂ ತೋರ್ಸಿ."

ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಬ್ಯಾಗು ಬಿಟ್ಟು ನನ್ನ ಮುಖ ನೋಡಿದರು.

ಮಾರ್ಚ್ 21, ಶುಕ್ರವಾರ

ಬಸ್ಸಿನ ಬೋರ್ಡು ಓದಲಾಗದೆ ಬೇರೆ ಬಸ್ ಹತ್ತಿದೆ. ಎಲ್ಲೋ ಇಳಿದೆ. ತಡವಾಯಿತೆಂದು ಕೇಳುವವರು ಯಾರೂ ಇಲ್ಲ, ಅದೊಂದು ಅನುಕೂಲ.

ಏಪ್ರಿಲ್ 8, ಮಂಗಳವಾರ

ಕಣ್ಣಿನ ಡಾಕ್ಟರು. ಎರಡೂ ಕಣ್ಣಿಗೆ ಪೊರೆ.

"ದೀಪದ ಸುತ್ತ ಬಳೆ ಕಾಣತ್ತಾ?"

"ಕಾಣತ್ತೆ."

"ಬೆಳಕಿಗೆ ಹಿಡಿದದ್ದೆಲ್ಲ ಹೊಳೆದ ಹಾಗೆ?"

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಒಂದು ವರ್ಷವಾದರೂ ಆಗಿರಬೇಕಂತೆ.

ಆಪರೇಷನ್ ಫಾರಂ ಕೊಟ್ಟರು. 'ಜೊತೆಗಿರುವವರು' ಎಂಬಲ್ಲಿ ಏನೂ ಬರೆಯಲಿಲ್ಲ. ಅಕ್ಕ ಎರಡು ದಿನದ ದಾರಿಯಷ್ಟು ದೂರದಲ್ಲಿದ್ದಾಳೆ, ಅವಳಿಗೆ ಮಂಡಿನೋವು.

ಏಪ್ರಿಲ್ 9, ಬುಧವಾರ

ನೀಲಿ ಬ್ಯಾಗು ತೆಗೆದು ಎದುರು ಸೀಟಿನವರ ಮುಂದಿಟ್ಟೆ. ಹನ್ನೊಂದು ವರ್ಷದಿಂದ ಎದುರಿಗೇ ಕೂರುತ್ತಾರೆ. ಫ್ಯಾನ್ ಜೋರು ಮಾಡಲಾ, ಕಡಿಮೆ ಮಾಡಲಾ — ಇಷ್ಟೇ ನಮ್ಮ ಮಾತು.

"ಇದರಲ್ಲಿ ಲೇಪ ಕಾಣತ್ತಾ?"

"ಇಲ್ಲ. ಅವತ್ತೂ ಕಂಡಿರಲಿಲ್ಲ."

"ಹೇಳಬಾರದಿತ್ತಾ?"

"ನಿಮ್ಮ ಹತ್ರ ಯಾರು ಮಾತಾಡ್ತಾರೆ ಮೇಡಂ?"

ಚುಚ್ಚಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಸಾಹೇಬರಿಗೆ ಬರೆದುಕೊಟ್ಟೆ: ನನ್ನ ಕಣ್ಣು ಸರಿಯಿಲ್ಲ, ತೀರ್ಮಾನ ತಪ್ಪು, ಒಂದು ವರ್ಷದ ನನ್ನ ಫೈಲುಗಳನ್ನೆಲ್ಲ ಬೇರೆಯವರು ನೋಡಬೇಕು.

"ಬೇರೆ ಏನಾದ್ರೂ ಕಾರಣ ಹಾಕಬಹುದಿತ್ತಲ್ಲ," ಎಂದರು.

"ಇರೋದು ಇದೇ ಸರ್."

ನಾಳೆಯಿಂದ ಟಪಾಲು ವಿಭಾಗ. ಡ್ರಾಯರ್ ಖಾಲಿ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಏಪ್ರಿಲ್ 16, ಬುಧವಾರ

ಬ್ಯಾಗುಗಳು ಬಟ್ಟೆಯೇ ಎಂದು ತೀರ್ಮಾನವಾಯಿತು. ಆದೇಶ ಒಯ್ಯಲು ಆಕೆ ಬಂದಿದ್ದರು. ನನ್ನ ಕೈಯಿಂದಲೇ ಕೊಟ್ಟೆ.

"ತಪ್ಪು ನಂದು," ಎಂದೆ.

"ಗೊತ್ತು, ಓದಿದೆ. ಆದ್ರೆ ಸೀಸನ್ ಮುಗೀತು ಮೇಡಂ. ಕೇಳಿದ್ದೋರು ಬೇರೆ ಕಡೆ ತಗೊಂಡ್ರು."

ಸಹಿ ಹಾಕಿ ಹೋದರು. ತಿರುಗಿ ನೋಡಲಿಲ್ಲ. ನೋಡಲಿ ಎಂದು ಕಾದದ್ದು ನನ್ನ ದುರಾಸೆ.

ಏಪ್ರಿಲ್ 22, ಮಂಗಳವಾರ

ಎದುರು ಸೀಟಿನವರು ಟಪಾಲಿಗೆ ಬಂದರು. ಈಗ ಎದುರು ಸೀಟಿಲ್ಲ, ಅವರನ್ನು ಏನೆಂದು ಬರೆಯಲಿ...

"ನಿಮ್ಮ ರಜೆ ಅರ್ಜಿ ನೋಡಿದೆ. ಗುರುವಾರ ಆಪರೇಷನ್‌ಗೆ ಜೊತೆಗೆ ಯಾರು ಬರ್ತಾರೆ?"

"ಆಟೋದಲ್ಲಿ ಹೋಗ್ತೀನಿ."

"ಹೋಗೋದೇನೋ ಸರಿ. ಬರುವಾಗ ಕಣ್ಣಿಗೆ ಪಟ್ಟಿ ಹಾಕಿರ್ತಾರಲ್ಲ?"

ಮುಂದಿದ್ದ ಲಕೋಟೆಗೆ ಮೊಹರು ಒತ್ತಿದೆ.

"ರಜೆ ಹಾಕಿದೀನಿ. ಏಳೂವರೆಗೆ ಬರ್ತೀನಿ. ವಿಳಾಸ ಬರ್ಕೊಡಿ."

ಏಪ್ರಿಲ್ 24, ಗುರುವಾರ, ಬೆಳಿಗ್ಗೆ 7

ಈ ಮನೆಗೆ ಯಾರಾದರೂ ಬಂದು ನಾಲ್ಕು ವರ್ಷ. ಎರಡನೇ ಕುರ್ಚಿಯ ಮೇಲಿನ ಬಟ್ಟೆ ರಾಶಿ ಎತ್ತಿಟ್ಟೆ. ಲೋಟ ಎರಡು ತೊಳೆದೆ. ದಾರಿಯುದ್ದಕ್ಕೂ ಏನು ಮಾತಾಡುವುದು? ಅವರಿಗೆ ಮಕ್ಕಳೆಷ್ಟು, ಗೊತ್ತಿಲ್ಲ. ಮಕ್ಕಳಿದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಬೇಕು. ಬಂದ ಕೂಡಲೇ ಕೇಳಿದರೆ ಅತಿಯಾಯಿತೋ ಏನೋ...

ಬೆಲ್. ಇನ್ನೂ ಏಳೂ ಹತ್ತು. ತಲೆ ಕೂಡ ಬಾಚಿಕೊಂಡಿಲ್ಲ, ಹಾಲು ಒಲೆಯ ಮೇಲೆ —